ಮೂರರ ಮೇಲೂ ಓಡುವ ಅಕ್ಷರ

ಓದಲಾರದವಳು ಅಕ್ಷರ ಡೊಂಕು ಎಂದಳಂತೆ. ಗಾದೆ ಹಾಗಲ್ಲ, ಅದು ಕುಣಿಯಲಾರದವಳು, ಅದು ನೆಲ ಎಂದು ತಿದ್ದಲು ಕೆಂಪು ಪೆನ್ನು ಹುಡುಕಬೇಡಿ. ನಾನೂ ಎಂ.ಎ. ಮಾಡಿದವಳೇ, ಗಾದೆಯ ಕಾಲು ಮುರಿದು ಕುಂಟಿಸುವುದು ನನ್ನ ಹಳೆಯ ಚಟ. ಆದರೆ ಈಗ ಹೇಳುವುದು ಮಾತ್ರ ನಡೆದದ್ದು ನಡೆದ ಹಾಗೆ. ನನ್ನನ್ನು ಬಲ್ಲವರಿಗೆ ಗೊತ್ತು, ನಾನು ಸುಳ್ಳು ಹೇಳುವುದಿದ್ದರೆ ಬೇರೆಯವರ ದನಿಯಲ್ಲಿ ಹೇಳುತ್ತೇನೆ. ಈಗ ಮಾತಾಡುತ್ತಿರುವುದು ನನ್ನ ಸ್ವಂತ ದನಿ.

ನಾನು ನಮ್ಮೂರ ಬಸ್ ಸ್ಟ್ಯಾಂಡಿನ ಮೈಕಿನವಳು, ವಿಶಾಲು. ಬೇರೆ ಊರುಗಳಲ್ಲಿ ಈ ಕೆಲಸಕ್ಕೆ ಅಷ್ಟು ಗೌರವ ಇರಲಿಕ್ಕಿಲ್ಲ. ನಮ್ಮೂರಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಅಕ್ಕಿ ಗಿರಣಿ ಕೂಗಿದೊಡನೆ ಅಕ್ಷರಗಳೂ ಅಂಕಿಗಳೂ ಇದ್ದ ಜಾಗ ಬಿಟ್ಟು ಎದ್ದು, ಮೇಯಲು ಬಿಟ್ಟ ಕೋಳಿಗಳ ಹಾಗೆ ಅಡ್ಡಾಡುತ್ತವೆ. ಮೂರಕ್ಕೆ ಗಿರಣಿ ಮತ್ತೆ ಕೂಗಿದಾಗ ಬಂದು ಕೂರುತ್ತವೆ. ಆ ಮೂರು ಗಂಟೆ ಬಸ್ಸಿನ ಬೋರ್ಡನ್ನು ನಂಬಿ ಹತ್ತಿದವನು ಮಾವನ ಮನೆಗೆ ಹೋಗುವ ಬದಲು ಸೀಮೆಹಸುಗಳ ಸಂತೆಗೆ ಹೋಗಿ ಇಳಿದಾನು. ಹಾಗಾಗಿ ನಾನು ಕೂಗಬೇಕು. ಒಂದೊಂದು ರೂಟಿಗೆ ಒಂದೊಂದು ದನಿ ಇಟ್ಟಿದ್ದೇನೆ: ಘಟ್ಟದ ಕಡೆಯ ಬಸ್ಸಿಗೆ ಶೀತವಾದ ಅಜ್ಜನದು, ಸಂತೆ ಬಸ್ಸಿಗೆ ಸೊಪ್ಪಿನವಳದು, ಆಸ್ಪತ್ರೆ ಬಸ್ಸಿಗೆ ದೊಡ್ಡ ನರ್ಸಮ್ಮನದು. ಜನ ಅರ್ಧ ನಿದ್ದೆಯಲ್ಲೂ ದನಿ ಹಿಡಿದು ಸರಿಯಾದ ಬಸ್ಸು ಹತ್ತುತ್ತಾರೆ.

ಊರು ಇದಕ್ಕೆಲ್ಲ ಒಗ್ಗಿಹೋಗಿದೆ. ಪೇಪರನ್ನು ಬೆಳಿಗ್ಗೆಯೇ ಓದಿ ಮುಗಿಸುತ್ತೇವೆ. ಔಷಧಿ ಅಂಗಡಿಯವರು ಬಾಟಲಿಗೆ ಬಣ್ಣದ ದಾರ ಕಟ್ಟುತ್ತಾರೆ. ಮಧ್ಯಾಹ್ನವಾದರೆ ಮಿಠಾಯಿ ಅಂಗಡಿಯ ಬೋರ್ಡಿಗೆ ಎದುರಿನ ಹಲ್ಲಿನ ಡಾಕ್ಟರ ಅಕ್ಷರಗಳು ಬಂದು ಕೂರುತ್ತವೆ, ಡಾಕ್ಟರ ಬೋರ್ಡಿಗೆ ಮಿಠಾಯಿಯವನವು. ಇಬ್ಬರಿಗೂ ನಷ್ಟವೇನಿಲ್ಲ, ಒಬ್ಬರ ಗಿರಾಕಿ ಇನ್ನೊಬ್ಬರ ಗಿರಾಕಿಯೇ.

ಸರ್ಕಾರಿ ಕಚೇರಿಗಳು ಮಾತ್ರ ಅಕ್ಷರದ ಈ ಅಲೆದಾಟದಿಂದಲೇ ಒಂದು ನ್ಯಾಯ ಕಟ್ಟಿಕೊಂಡಿವೆ. ಬೆಳಿಗ್ಗೆ ಗುಮಾಸ್ತರು ಮೇಲಿನ ಕಚೇರಿಯಿಂದ ಬಂದ ಆದೇಶವನ್ನು ಓದುತ್ತಾರೆ, ಸಾಹೇಬರು ಬಾಯಿಪಾಠ ಮಾಡುತ್ತಾರೆ, ಫೈಲಿಗೆ ದಾರ ಬಿಗಿದು ಗಂಟು ಹಾಕುತ್ತಾರೆ. ಮಧ್ಯಾಹ್ನ ವರಾಂಡದ ನಡುವೆ ಕುರ್ಚಿ ಹಾಕಿ, ಸುತ್ತ ಜನ ನಿಂತು ನೋಡುತ್ತಿರುವಾಗ, ಸಾಹೇಬರು ಹಾಳೆ ಹಿಡಿದು ಆದೇಶ ಓದುತ್ತಾರೆ, ಎಂದರೆ ಒಪ್ಪಿಸುತ್ತಾರೆ. ಅಕ್ಷರ ಅಲೆಯುವ ಹೊತ್ತಿನಲ್ಲಿ ಯಾರೂ ಕಾಗದ ತಿದ್ದಲಾರರಲ್ಲ, ಅದಕ್ಕೆ. ಹಾಗೆ ವರಾಂಡದಲ್ಲಿ ಓದಿದ್ದು ಓದಿದ್ದೇ. ಅದಕ್ಕೆ ವಾಪಸಿಲ್ಲ, ಮೇಲ್ಮನವಿಯಿಲ್ಲ. ಮೂರರ ಮೇಲೆ ಗುಮಾಸ್ತರು ಕಿವಿಗೆ ಬಿದ್ದದ್ದನ್ನು ಪುಸ್ತಕಕ್ಕೆ ಬರೆಯುತ್ತಾರೆ.

ಈಗ ಇಂಚರಳ ವಿಷಯ. ನನ್ನ ಮೈಕಿನ ಗೂಡಿಗೆ ಒರಗಿಕೊಂಡಂತೆ ಕಮಲಕ್ಕನ ಇಸ್ತ್ರಿ ಗಾಡಿ ಇದೆ. ಇಂಚರ ಅವಳ ಮಗಳು, ಒಂಬತ್ತು ವರ್ಷ, ಎರಡು ಜಡೆ. ಬಾಯಿ ಬಿಟ್ಟರೆ ಬಸ್ ಸ್ಟ್ಯಾಂಡಿನ ಅಷ್ಟೂ ಬಸ್ಸಿನ ಹೊತ್ತು ಹೇಳುತ್ತಾಳೆ. ಮೋಡ ನೋಡಿ ಮಳೆ ಹೇಳುತ್ತಾಳೆ. ಪುಸ್ತಕ ಕೊಟ್ಟರೆ ಮಾತ್ರ ಹಾಳೆಯನ್ನೇ ನೋಡುತ್ತ ಕೂತು, ಬೆವರಿ, ಕೊನೆಗೆ "ಹೊಟ್ಟೆ ನೋವು" ಅನ್ನುತ್ತಾಳೆ. ಮೂರನೇ ಕ್ಲಾಸಿನಲ್ಲಿ ಎರಡನೇ ವರ್ಷ. ಪಕ್ಕದೂರಿನ ಸ್ಟೆಲ್ಲಾ ಟೀಚರು ಬಸ್ಸಿಗೆ ಕಾಯುತ್ತ ಇವಳ ಜೊತೆ ಮಾತಾಡಿ, ಮುಂದಿನ ವಾರ ಬಂದು ಏನೇನೋ ಚೀಟಿ ತೋರಿಸಿ ಪರೀಕ್ಷೆ ಮಾಡಿ, ಇದಕ್ಕೆ ಡಿಸ್ಲೆಕ್ಸಿಯಾ ಅನ್ನುತ್ತಾರೆ, ಮಗು ದಡ್ಡಿಯೂ ಅಲ್ಲ, ಸೋಮಾರಿಯೂ ಅಲ್ಲ ಎಂದು ಬರೆದುಕೊಟ್ಟರು. ಇಂಥ ಮಕ್ಕಳಿಗೆ ಬೇರೆ ರೀತಿಯಲ್ಲಿ ಕಲಿಸಬೇಕು, ಅದರ ಖರ್ಚಿಗೆಂದೇ ರಾಜ್ಯ ಸರ್ಕಾರದ ಶಿಕ್ಷಣ ನಿಧಿ ಇದೆ, ನೀವು ಅರ್ಜಿ ಹಾಕಿ, ಮಂಜೂರಾದರೆ ನಾನೇ ವಾರಕ್ಕೆ ಮೂರು ದಿನ ಬರುತ್ತೇನೆ ಎಂದರು.

ಕಮಲಕ್ಕ ಅರ್ಜಿ ಹಾಕಿದಳು. ಊರೆಲ್ಲ ನಕ್ಕಿತು. "ಅಕ್ಷರ ಓಡೋದು ಒಂದು ಕಾಯಿಲೆನಾ? ಹಂಗಾದ್ರೆ ನಮ್ಮೂರೇ ಆಸ್ಪತ್ರೆ ಸೇರಬೇಕು" ಎಂದ ಟೀ ಅಂಗಡಿಯವನು. ಬೇರೆ ಊರಿನಲ್ಲಾದರೆ ಯಾರಾದರೂ ಕೇಳುತ್ತಿದ್ದರೇನೋ. ನಮ್ಮೂರಿನಲ್ಲಿ ಎಲ್ಲರಿಗೂ ದಿನಾ ಮೂರು ಗಂಟೆ ಅಕ್ಷರ ಓಡುವುದರಿಂದ, ಒಬ್ಬಳಿಗೆ ಇಪ್ಪತ್ತನಾಲ್ಕು ಗಂಟೆಯೂ ಓಡುತ್ತವೆ ಎಂದರೆ ಯಾರಿಗೂ ಅರ್ಥವಾಗುವುದಿಲ್ಲ.

ನಮ್ಮ ಶಿಕ್ಷಣಾಧಿಕಾರಿ ದಕ್ಷಿಣಾಮೂರ್ತಿ ಸಾಹೇಬರು. ಹೆಸರಿನಲ್ಲಿ ದಕ್ಷಿಣೆ ಇದ್ದರೂ ಕೈಯಲ್ಲಿ ಎಂದೂ ಮುಟ್ಟಿದವರಲ್ಲ. ಗಂಟಲು ಮಾತ್ರ ಗುಡಿಯ ನಗಾರಿ, ಟೀ ಅಂಗಡಿಯಲ್ಲಿ ನಾನು ಅಣಕಿಸಿ ತೋರಿಸುವ ದನಿ. ವರಾಂಡದಲ್ಲಿ ಆದೇಶ ಓದಿದರೆ ಒಂದು ಅಕ್ಷರ ತೊದಲುವುದಿಲ್ಲ, ಅರ್ಧ ನಿಲ್ಲುವುದಿಲ್ಲ. ಕಂಠಪಾಠದಲ್ಲಿ ಅವರನ್ನು ಮೀರಿಸಿದ ಅಧಿಕಾರಿ ಜಿಲ್ಲೆಯಲ್ಲೇ ಇಲ್ಲ ಎಂಬುದು ನಮ್ಮೂರ ಹೆಮ್ಮೆ. ಅವರ ಶರ್ಟುಗಳು ಕಮಲಕ್ಕನ ಗಾಡಿಗೇ ಬರುವುದು. ಜೇಬು ತಡಕಿದರೆ ಚಿಕ್ಕ ಚಿಕ್ಕ ಚೀಟಿಗಳು, ಅವುಗಳ ಮೇಲೆ ಪೆನ್ಸಿಲ್ಲಿನಲ್ಲಿ ಗೊಂಬೆಗಳು: ಒಂದು ಛತ್ರಿ, ಎರಡು ಕುರ್ಚಿ, ಬೀಗ ಹಾಕಿದ ಬಾಗಿಲು. "ಮೀಟಿಂಗಲ್ಲಿ ಬೇಜಾರಾಗಿ ಗೀಚ್ತಾರೇನೋ ಪಾಪ" ಅನ್ನುತ್ತಿದ್ದಳು ಕಮಲಕ್ಕ. ಇಂಚರ ಅವನ್ನೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಡುತ್ತಿದ್ದಳು. ಓದುವ ಪುಸ್ತಕ ಮುಟ್ಟದವಳು ಆ ಚೀಟಿಗಳನ್ನು ಹರಡಿಕೊಂಡು ಗಂಟೆಗಟ್ಟಲೆ ಕೂರುತ್ತಿದ್ದಳು.

ಮೊದಲ ವಿಚಾರಣೆಗೆ ನಾನೂ ಹೋಗಿದ್ದೆ. ಸಾಹೇಬರು ಸ್ಟೆಲ್ಲಾ ಟೀಚರ ಕಾಗದವನ್ನು ಪಕ್ಕಕ್ಕಿಟ್ಟು, "ನೋಡಮ್ಮಾ, ಹನ್ನೆರಡು ಹೊಡೆದ್ರೆ ನನಗೂ ಓಡ್ತವೆ, ನಿನಗೂ ಓಡ್ತವೆ. ಊರಿಗೆಲ್ಲ ಇರೋ ಕಷ್ಟಕ್ಕೆ ಒಬ್ಬಳಿಗೆ ಟೀಚರ್ ಇಟ್ಟರೆ ಮಿಕ್ಕವರು ಸುಮ್ನಿರ್ತಾರಾ? ಆ ಟೀಚರಮ್ಮ ಹೊರಗಿನವರು. ನಮ್ಮೂರ ಅಕ್ಷರದ ಗುಣ ಅವರಿಗೇನು ಗೊತ್ತು?" ಎಂದರು.

ಇಂಚರ ಅಮ್ಮನ ಸೆರಗಿನ ಹಿಂದಿನಿಂದ, "ನಂಗೆ ಬೆಳಿಗ್ಗೆನೂ ಓಡ್ತವೆ ಸಾರ್" ಎಂದಳು.

ಸಾಹೇಬರು ಕತ್ತು ಚಾಚಿ ಅವಳನ್ನು ನೋಡಿದರು. ಆಮೇಲೆ, "ಬೆಳಿಗ್ಗೆ ಯಾರಿಗೂ ಓಡಲ್ಲ" ಎಂದು ಗದರಿದರು. ಅಷ್ಟು ಜೋರು ಬೇಕಿರಲಿಲ್ಲ. "ಮುಂದಿನ ಗುರುವಾರ ಕೊನೆ ಆದೇಶ. ಈ ತಿಂಗಳು ದಾಟಿದ್ರೆ ನಿಧಿ ವಾಪಸ್ಸು."

ಅಷ್ಟರಲ್ಲಿ ಶಾಲೆಯ ದೊಡ್ಡ ಟೀಚರು ಕಮಲಕ್ಕನಿಗೆ ಹೇಳಿಬಿಟ್ಟಿದ್ದರು, ಅದೇ ಕ್ಲಾಸಿಗೆ ಮೂರನೇ ಸಲ ಕೂರಿಸಿಕೊಳ್ಳುವುದಿಲ್ಲ, ಮನೆ ಕೆಲಸ ಕಲಿಸಿ ಎಂದು. ಮರುದಿನ ಇಂಚರ ಒಂದು ಇಟ್ಟಿಗೆ ಇಟ್ಟುಕೊಂಡು ಅದರ ಮೇಲೆ ಹತ್ತಿ ನಿಂತು ಇಸ್ತ್ರಿ ಪೆಟ್ಟಿಗೆ ಎತ್ತಲು ನೋಡುತ್ತಿದ್ದಳು. "ಇದು ಓಡಲ್ಲ ಅತ್ತೆ, ಇಟ್ಟಲ್ಲೇ ಇರುತ್ತೆ" ಎಂದಳು ನನಗೆ. ನನಗೆ ಆ ದಿನ ಮೂರು ಬಸ್ಸುಗಳ ದನಿ ಅದಲು ಬದಲಾಯಿತು.

"ಕಮಲಕ್ಕ, ಗುರುವಾರ ಬೆಳಿಗ್ಗೆ ಗುಮಾಸ್ತರನ್ನ ಹತ್ತು ನಿಮಿಷ ಇಲ್ಲಿ ಹಿಡಿದಿಟ್ಟುಕೋ" ಎಂದೆ.

"ಯಾಕೆ?"

"ಸಾಹೇಬರಿಗೆ ಪಾಠ ಹೇಳೋಕೆ."

ಅವಳಿಗೆ ಅರ್ಥವಾಗಿ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಬೇಡ ಕಣೇ ವಿಶಾಲು. ಜೈಲಿಗೆ ಹಾಕ್ತಾರೆ."

"ಮಧ್ಯಾಹ್ನ ಹಾಕಿದ್ರೆ ಜೈಲಿನ ಬೋರ್ಡೂ ಓಡಿಹೋಗಿರುತ್ತೆ, ಕರ್ಕೊಂಡು ಹೋಗೋರಿಗೇ ದಾರಿ ತಪ್ಪುತ್ತೆ. ನೀನು ಗುಮಾಸ್ತರ ಪಂಚೆ ನೋಡ್ಕೋ."

ಗುಮಾಸ್ತರು ಚನ್ನಬಸಯ್ಯನವರು. ಬಡಗಣ ಸೀಮೆಯಿಂದ ಬಂದು ಮೂವತ್ತು ವರ್ಷವಾದರೂ ಅವರ ಮಾತು ಅಲ್ಲಿಯದೇ. ಮಗಳ ಮದುವೆಗೆಂದು ರೇಷ್ಮೆ ಪಂಚೆ ಇಸ್ತ್ರಿಗೆ ಕೊಟ್ಟಿದ್ದರು. ಅವರು ದಿನಾ ಬೆಳಿಗ್ಗೆ ಸಾಹೇಬರ ಕೋಣೆಯ ಹಲಗೆ ಗೋಡೆಯ ಈಚೆ ಸ್ಟೂಲು ಹಾಕಿ ಕೂತು, ಗೋಡೆಯಲ್ಲಿರುವ ಕಿಂಡಿಯ ಮೂಲಕ ಓದಿ ಹೇಳುತ್ತಾರೆ. ಸಾಹೇಬರು ಆಚೆ ಕೂತು ಹೂಂಗುಟ್ಟುತ್ತಾರೆ. ಒಬ್ಬರ ಮುಖ ಒಬ್ಬರಿಗೆ ಕಾಣಬಾರದು, ಕಂಡರೆ ಗಮನ ಚೆದುರುತ್ತದೆ ಎಂಬುದು ಸಾಹೇಬರೇ ಮಾಡಿದ ಕಟ್ಟಳೆ. ಗುರುವಾರ ಒಂಬತ್ತೂವರೆಗೆ ಕಮಲಕ್ಕ ಕಚೇರಿಯ ಗೇಟಿನಲ್ಲಿ ನಿಂತು, "ಅಯ್ಯನೋರೇ, ನಿಮ್ಮ ಪಂಚೆ! ಏನೋ ಸುಟ್ಟ ವಾಸನೆ!" ಎಂದು ಕೂಗಿದಳು. ಚನ್ನಬಸಯ್ಯನವರು "ಅಯ್ಯ ನನ್ನ ಶಿವನ!" ಎಂದು ಚಪ್ಪಲಿಯನ್ನೂ ಮೆಟ್ಟದೆ ಇಸ್ತ್ರಿ ಗಾಡಿಗೆ ಓಡಿದರು. ಅಲ್ಲಿ ಕಮಲಕ್ಕ ಏನೂ ಆಗದ ಪಂಚೆಯನ್ನು ಒಂದೊಂದೇ ಮಡಿಕೆ ಬಿಚ್ಚಿ, ಇಲ್ಲಿ ಇಲ್ಲ, ಇಲ್ಲೂ ಇಲ್ಲ ಎಂದು ತೋರಿಸುತ್ತ ಹೋದಳು.

ನಾನು ಸ್ಟೂಲಿನ ಮೇಲೆ ಕೂತೆ. ಫೈಲಿನಲ್ಲಿದ್ದ ಆದೇಶದಲ್ಲಿ, ನನಗೆ ಗೊತ್ತಿದ್ದಂತೆ, "ತಿರಸ್ಕರಿಸಲಾಗಿದೆ" ಎಂದಿತ್ತು. ಕೆಮ್ಮಿದೆ, ಮೂಗಿನಲ್ಲಿ ನಶ್ಯ ಏರಿಸಿದ ಸದ್ದು ಮಾಡಿದೆ, ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದೆ.

"ಸಾಹೇಬ್ರ, ಕಮಲಾಕ್ಷಿ ಅನ್ನೋರ ಅರ್ಜಿ ಐತ್ರಿ. ಮಗಳ ಹೆಸರು ಇಂಚರ, ವಯಸ್ಸು ಒಂಬತ್ತು. ಆತ್ರಿ?"

"ಹೂಂ" ಎಂದಿತು ಕಿಂಡಿ.

"ಸದರಿ ವಿದ್ಯಾರ್ಥಿನಿಗೆ ಓದುವಿಕೆಯಲ್ಲಿ ವಿಶೇಷ ತೊಂದರೆ ಇರುವುದು ದೃಢಪಟ್ಟಿರುತ್ತದೆ. ಆತ್ರಿ? ಆದ್ದರಿಂದ ವಾರಕ್ಕೆ ಮೂರು ದಿನ ವಿಶೇಷ ಶಿಕ್ಷಕಿಯನ್ನು ನೇಮಿಸಿ, ಪೂರ್ತಿ ಖರ್ಚನ್ನು ರಾಜ್ಯ ಶಿಕ್ಷಣ ನಿಧಿಯಿಂದ ಭರಿಸಲು ಈ ಮೂಲಕ ಮಂಜೂರು ಮಾಡಲಾಗಿದೆ!"

ಆಚೆ ಕಡೆ ಪೆನ್ಸಿಲ್ ಕಾಗದದ ಮೇಲೆ ಕಿರುಗುಟ್ಟುವುದು ಕೇಳಿಸಿತು. "ಹೂಂ. ಗಂಟು ಹಾಕು" ಎಂದರು ಸಾಹೇಬರು.

ಆ ತಿರಸ್ಕಾರದ ಹಾಳೆಯನ್ನು ಜಾಕೀಟಿನೊಳಗೆ ಸೇರಿಸಿದೆ. ಬರಿ ಫೈಲಿಗೆ ಗಂಟು ಹಾಕಲಾಗುವುದಿಲ್ಲವಲ್ಲ, ನನ್ನ ಚೀಲದಲ್ಲಿದ್ದ ಒಂದು ಹಾಳೆ ಒಳಗಿಟ್ಟೆ. ಅದು ನಾನೇ ಕೆಂಪು ಮಸಿಯಲ್ಲಿ ಬರೆದ ಬಸ್ಸುಗಳ ವೇಳಾಪಟ್ಟಿ. ಮಧ್ಯಾಹ್ನ ಯಾವ ಹಾಳೆಯಾದರೇನು, ಎಲ್ಲದರ ಮೇಲೂ ಅಕ್ಷರಗಳ ಜಾತ್ರೆಯೇ. ಮೂರರವರೆಗಿನ ಕೂಗನ್ನು ಟೀ ಅಂಗಡಿಯವನಿಗೆ ಒಪ್ಪಿಸಿದ್ದೆ. ವಿಚಾರಣೆ ಎಂದೂ ಎರಡೂವರೆ ದಾಟಿದ್ದಿಲ್ಲ. ಮುಗಿದ ಕೂಡಲೇ ಜನರ ಗದ್ದಲದಲ್ಲಿ ತೆಗೆದುಕೊಂಡರಾಯಿತು ಎಂದು ನನ್ನ ಲೆಕ್ಕ.

ಆ ಲೆಕ್ಕವನ್ನು ಕೆಡಿಸಿದ್ದು ಒಂದು ಗಂಟೆ. ಕೈಗಡಿಯಾರದ ಗಂಟೆಯಲ್ಲ, ಕಂಚಿನ ಗಂಟೆ. ನಮಗಿಂತ ಮೊದಲಿನ ಫೈಲು, ಒಂದೇ ಕಾಂಪೌಂಡಿನ ಎರಡು ಶಾಲೆಗಳ ನಡುವೆ ಇರುವ ಒಂದೇ ಗಂಟೆಯನ್ನು ಯಾರು ಬಾರಿಸಬೇಕೆಂಬ ತಕರಾರು. ಇಬ್ಬರು ಹೆಡ್ ಮಾಸ್ತರರೂ ಆ ಗಂಟೆಯನ್ನೇ ಕಿತ್ತು ತಂದಿದ್ದರು. "ನಾನು ಹೊಡೆದ್ರೆ ಕೆರೆ ದಂಡೆವರೆಗೂ ಕೇಳುತ್ತೆ, ಬೇಕಾದ್ರೆ ನೋಡಿ" ಎಂದು ಒಬ್ಬರು ಬಾರಿಸಿದರೆ, "ಅದು ಬಾರಿಸೋದಾ? ಕೊಡಿ ಇಲ್ಲಿ" ಎಂದು ಇನ್ನೊಬ್ಬರು. ಎರಡೂವರೆಯಾಯಿತು. ಎರಡೂ ಮುಕ್ಕಾಲಾಯಿತು. ಕೊನೆಗೆ ಸಾಹೇಬರು ಗಂಟೆಯನ್ನೇ ಜಪ್ತಿ ಮಾಡಿ ಕುರ್ಚಿಯ ಕೆಳಗೆ ಇಟ್ಟುಕೊಂಡು ನಮ್ಮ ಫೈಲಿನ ಗಂಟು ಬಿಚ್ಚುವಾಗ ಮೂರಕ್ಕೆ ಒಂದೇ ನಿಮಿಷ.

"ಅರ್ಜಿದಾರರು ಕಮಲಾಕ್ಷಿ" ಎಂದು ನಗಾರಿ ಶುರುವಾಯಿತು. ಹಾಳೆಯನ್ನು ಎದೆಯ ಮುಂದೆ ಹಿಡಿದು, ತೋರುಬೆರಳನ್ನು ಸಾಲಿನ ಕೆಳಗೆ ಜಾರಿಸುತ್ತ ಸಾಹೇಬರು ಓದತೊಡಗಿದರು. ಕುರ್ಚಿಯ ಹಿಂದೆ ಕಟಕಟೆಗೆ ಒರಗಿ ಮೂವತ್ತು ನಲವತ್ತು ಜನ. "ಸದರಿ ವಿದ್ಯಾರ್ಥಿನಿಗೆ ಓದುವಿಕೆಯಲ್ಲಿ ವಿಶೇಷ ತೊಂದರೆ ಇರುವುದು..." ಗಿರಣಿ ಕೂಗಿತು. ಸಿನಿಮಾ ಶುರುವಾದ ಮೇಲೆ ಸೀಟು ಹುಡುಕುವವರಂತೆ ಅಕ್ಷರಗಳು ತಡಬಡಿಸಿ ಓಡಿಬಂದು ತಮ್ಮ ತಮ್ಮ ಜಾಗದಲ್ಲಿ ಕೂತವು. ಹಾಳೆಯ ನೆತ್ತಿಯ ಮೇಲೆ, ನನ್ನದೇ ದುಂಡು ಕೈಬರಹದಲ್ಲಿ, ಕೆಂಪಗೆ: ಬಸ್ಸುಗಳ ವೇಳಾಪಟ್ಟಿ.

ಈಗ ನಿಲ್ಲಿಸುತ್ತಾರೆ, ಈಗ ನನ್ನ ಕಡೆ ತಿರುಗುತ್ತಾರೆ ಎಂದು ನಾನು ಕಾದೆ. ಸಾಹೇಬರು ನಿಲ್ಲಿಸಲಿಲ್ಲ. "ದೃಢಪಟ್ಟಿರುತ್ತದೆ. ಆದ್ದರಿಂದ ವಾರಕ್ಕೆ ಮೂರು ದಿನ" ಎನ್ನುವಾಗ ಅವರ ಬೆರಳು ಸಂತೆ ಬಸ್ಸಿನ ಮೇಲಿತ್ತು. "ರಾಜ್ಯ ಶಿಕ್ಷಣ ನಿಧಿಯಿಂದ" ಎನ್ನುವಾಗ "ತಡೆರಹಿತ" ಎಂಬುದರ ಕೆಳಗೆ ಜಾರುತ್ತಿತ್ತು. "ಮಂಜೂರು ಮಾಡಲಾಗಿದೆ" ಎಂದು ಮುಗಿಸಿ, ಅವರು ತಲೆಯೆತ್ತಿದರು. ಎಲ್ಲರೂ ಹಾಳೆ ನೋಡುತ್ತಿದ್ದರು. ಎಲ್ಲರಿಗೂ ಅರ್ಥವಾಗಿತ್ತು. ಚೇಷ್ಟೆ ಮಾಡಲು ಹೋದವಳು ನಾನು. ನಾನು ತೆಗೆದದ್ದು ಮಾತ್ರ ಆ ಮನುಷ್ಯ ಇಷ್ಟು ವರ್ಷ ಮುಚ್ಚಿಟ್ಟಿದ್ದ ಗಂಟು. ಹಿಂದೆ ಯಾರೋ ಮೂಗಿನಲ್ಲೇ ನಗತೊಡಗಿದರು.

ಆಗ ಇಂಚರ ಕುರ್ಚಿಯ ಹತ್ತಿರ ಹೋದಳು. "ಸಾರ್, ನಿಮಗೂ ಮೂರರ ಮೇಲೂ ಓಡ್ತವಾ?"

ಸಾಹೇಬರು ಹಾಳೆ ನೋಡಿದರು, ಅವಳನ್ನು ನೋಡಿದರು. ಹಣೆಯ ಮೇಲೆ ಬೆವರು. ಆ ಬೆವರನ್ನು ನಾನು ಮೊದಲೂ ನೋಡಿದ್ದೆ, ಪುಸ್ತಕದ ಮುಂದೆ ಕೂತ ಹುಡುಗಿಯ ಹಣೆಯ ಮೇಲೆ.

"ನಂಗೆ ಗೊತ್ತಿತ್ತು" ಎಂದಳು ಇಂಚರ. "ಅದಕ್ಕೇ ಗೊಂಬೆ ಬರ್ಕೋತೀರ." ಅವರ ಎಡಗೈಯಲ್ಲಿ, ಹಾಳೆಯ ಮರೆಯಲ್ಲಿ ಒಂದು ಚೀಟಿ ಇತ್ತು. ಅವಳು ಅದನ್ನು ಮೆಲ್ಲಗೆ ಎಳೆದುಕೊಂಡು, ಬೆರಳಿಟ್ಟು, ವರಾಂಡಕ್ಕೆಲ್ಲ ಕೇಳುವ ಹಾಗೆ ಓದಿದಳು: "ಇದು ಇಸ್ತ್ರಿ ಪೆಟ್ಟಿಗೆ, ಅಂದ್ರೆ ಅಮ್ಮ. ಎರಡು ಜಡೆ, ನಾನು. ಹಾರಿ ಹೋಗೋ ಹಕ್ಕಿ, ಅಂದ್ರೆ ನಂಗೆ ಅಕ್ಷರ ಕೂರಲ್ಲ. ಮೂರು ಸೂರ್ಯ, ಮೂರು ದಿನ. ಬಾಗಿಲು, ಬೀಗ ಇಲ್ಲ. ಅಂದ್ರೆ ಮಂಜೂರು. ಸರಿನಾ ಸಾರ್?"

ಒಂದು ಕಡೆಯೂ ತೊದಲಲಿಲ್ಲ. ಕಮಲಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಮಗಳು ಒಂದು ಚೀಟಿಯನ್ನು ಪೂರ್ತಿ ಓದಿದ್ದನ್ನು ಅವಳು ಅಂದೇ ಮೊದಲು ನೋಡಿದ್ದು.

"ಸರಿ" ಎಂದರು ಸಾಹೇಬರು. ನಗಾರಿ ಇರಲಿಲ್ಲ, ಬರಿ ಗಂಟಲು. "ನಮ್ಮಮ್ಮ ಓದಿ ಹೇಳೋರು, ನಾನು ಬಾಯಿಪಾಠ ಮಾಡೋನು. ಡಿಗ್ರಿನೂ ಹಂಗೇ. ಈ ಊರಿಗೆ ಬಂದ ಮೇಲೆ ಕೇಳೋರೇ ಇಲ್ಲ, ಎಲ್ಲರೂ ಬಾಯಿಪಾಠದೋರೇ. ಮೊನ್ನೆ ನೀನು ಬೆಳಿಗ್ಗೆನೂ ಓಡ್ತವೆ ಅಂದಾಗ, ಎಲ್ಲಿ ನನ್ನ ಹೆಸರೂ ಹೇಳಿಬಿಡ್ತೀಯೋ ಅಂತ ಗದರಿದೆ ಕಣಮ್ಮ."

ಚನ್ನಬಸಯ್ಯನವರು ನೆಲದ ಮೇಲೆ ಪುಸ್ತಕ ಬಿಚ್ಚಿಕೊಂಡು, ಪೆನ್ನು ಎತ್ತಿ ಹಿಡಿದು, ಕಣ್ಣು ಕಣ್ಣು ಬಿಡುತ್ತಿದ್ದರು. "ಸಾಹೇಬ್ರ, ಈಗ ನಾ ಏನ್ ಬರೀಲ್ರಿ? ಕೇಳಿದ್ದು ಬರೀಲೋ, ಕಂಡದ್ದು ಬರೀಲೋ?"

"ಓದಿದ್ದು ಓದಿದ್ದೇ. ಕೇಳಿದ್ದನ್ನ ಬರಿ. ಆ ಸ್ಟೆಲ್ಲಾ ಟೀಚರಿಗೆ ಇನ್ನೊಬ್ಬ ವಿದ್ಯಾರ್ಥಿ ಇದ್ದಾನೆ ಅಂತ ಹೇಳಿಕಳಿಸು. ಅದು ನಿಧಿ ಲೆಕ್ಕಕ್ಕಲ್ಲ, ಸ್ವಂತ ಖರ್ಚು."

"ನೀವು ಹಿಂದಿನ ಬೆಂಚಲ್ಲಿ ಕೂತ್ಕೊಳಿ ಸಾರ್" ಎಂದಳು ಇಂಚರ. "ಎತ್ತರ ಇದೀರ, ನಂಗೆ ಬೋರ್ಡ್ ಕಾಣಲ್ಲ."

ಯಾರೋ ಕಿಸಕ್ಕೆಂದರು. ಸಾಹೇಬರ ಮೀಸೆಯೂ ಅಲ್ಲಾಡಿತು. ಆದರೆ ಅವರು ನೇರ ನನ್ನ ಕಡೆ ತಿರುಗಿದರು. "ಮೈಕಿನಮ್ಮಾ, ಬಾ ಇಲ್ಲಿ. ಬೆಳಿಗ್ಗೆ ಓದಿದ್ದು ನೀನೇ ತಾನೆ?"

ನಾನು ತಲೆ ತಗ್ಗಿಸಿ ಮುಂದೆ ಹೋದೆ. ಬಾಯಿಗೆ ಬಂದದ್ದು ಚನ್ನಬಸಯ್ಯನವರ ದನಿಯೇ: "ಹೌದ್ರೀ ಸಾಹೇಬ್ರ. ತಪ್ಪಾತ್ರಿ." ನಿಜವಾದ ಚನ್ನಬಸಯ್ಯನವರು ಬೆಚ್ಚಿ ತಮ್ಮ ಬಾಯಿ ಮುಟ್ಟಿಕೊಂಡು ನೋಡಿದರು.

"ದನಿ ನೂರಕ್ಕೆ ನೂರು" ಎಂದರು ಸಾಹೇಬರು. "ನಶ್ಯನೂ ಸರಿ. ಕೊನೆ ಸಾಲಲ್ಲಿ ಸಿಕ್ಕಿಬಿದ್ದೆ. ಸರ್ಕಾರಿ ಆದೇಶನ ಯಾರಾದ್ರೂ ಅಷ್ಟು ಖುಷಿಯಾಗಿ ಓದ್ತಾರೇನೇ? ಮೂವತ್ತು ವರ್ಷದಲ್ಲಿ ಇವನು ತನ್ನ ಬಡ್ತಿ ಆದೇಶನೂ ಅಳುತ್ತಲೇ ಓದಿದಾನೆ."

"ಮತ್ತೆ ಗೊತ್ತಿದ್ದೂ ಯಾಕೆ ಸಾರ್..."

"ಬೀಗದ ಬಾಗಿಲು ಬರೆದು ಬರೆದು ಬೇಜಾರಾಗಿತ್ತು" ಎಂದು, ಹಾಳೆಯನ್ನು ನನ್ನ ಕೈಗೆ ತುರುಕಿದರು. "ಆದ್ರೆ ಇದು ಏನು ಅಂತ ನನಗೆ ಗೊತ್ತಿಲ್ಲ. ಇಷ್ಟು ಜನ ಬಾಯಿ ಬಿಟ್ಕೊಂಡು ನೋಡ್ತಿದ್ದಾರಲ್ಲ, ನಾನು ಓದಿದ್ದಾದ್ರೂ ಏನು? ಓದು. ನನ್ನ ದನೀಲೇ ಓದು, ಟೀ ಅಂಗಡೀಲಿ ಓದ್ತೀಯಂತಲ್ಲ, ಹಂಗೆ."

ಬೇರೆ ದಾರಿಯಿರಲಿಲ್ಲ. ಕತ್ತು ಸೆಟೆಸಿದೆ, ಹೊಟ್ಟೆ ಮುಂದೆ ಮಾಡಿದೆ, ಬೆರಳನ್ನು ಸಾಲಿನ ಕೆಳಗಿಟ್ಟು ನಗಾರಿ ಬಾರಿಸಿದೆ: "ಸದರಿ ಸಂತೆ ಬಸ್ಸು ಮೂರು ಇಪ್ಪತ್ತಕ್ಕೆ ಸರಿಯಾಗಿ ಹೊರಡತಕ್ಕದ್ದು! ದಾರಿಯಲ್ಲಿ ಯಾರು ಕೈ ತೋರಿಸಿದರೂ ನಿಲ್ಲತಕ್ಕದ್ದಲ್ಲ! ಕೋಳಿಗಳಿಗೆ ಅರ್ಧ ಟಿಕೀಟು ಎಂದು ಈ ಮೂಲಕ ಮಂಜೂರು ಮಾಡಲಾಗಿದೆ!"

ಮೊದಲು ಇಂಚರ ನಕ್ಕಳು, ಆಮೇಲೆ ಹೆಡ್ ಮಾಸ್ತರರಿಬ್ಬರು, ಆಮೇಲೆ ಇಡೀ ಕಟಕಟೆ. ಸಾಹೇಬರು "ಕೋಳಿಗೆ!" ಎಂದರು. ಮತ್ತೊಮ್ಮೆ "ಕೋಳಿಗೆ ಅರ್ಧ ಟಿಕೀಟು!" ಎಂದು ತೊಡೆ ತಟ್ಟಿಕೊಂಡರು, ಕಾಲು ತಗುಲಿ ಕುರ್ಚಿಯ ಕೆಳಗಿನ ಗಂಟೆ ಢಣ್ ಎಂದಿತು, ಅದಕ್ಕೂ ನಕ್ಕರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನಕ್ಕರು. ಅಷ್ಟರಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಮೂರು ಇಪ್ಪತ್ತರ ಬಸ್ಸು, ಕೂಗುವವಳಿಲ್ಲದೆ, ಹಾರ್ನ್ ಹೊಡೆದೂ ಹೊಡೆದೂ ಸಾಕಾಗಿ ಸುಮ್ಮನಾಗಿತ್ತಂತೆ. ಆ ನಗುವಿನ ಮುಂದೆ ನಮಗೆ ಯಾರಿಗೂ ಅದು ಕೇಳಿಸಲಿಲ್ಲ.